ರೈಫಲ್ ಅಭ್ಯಾಸಕ್ಕೆ ಸ್ಟೀಲ್ ಟಾರ್ಗೆಟ್: ದಪ್ಪ ಅಲ್ಲ, ಮುಖ ನೋಡಿ

ಕಾಗದದ ಟಾರ್ಗೆಟ್‌ಗೆ ಹೊಡೆದರೆ ಗುಂಡು ಎಲ್ಲಿ ತಾಗಿತು ಅಂತ ನೋಡಲು ದುರ್ಬೀನು ಬೇಕು, ಇಲ್ಲವೇ ನಡೆದು ಹೋಗಬೇಕು. ಸ್ಟೀಲ್ ಪ್ಲೇಟ್‌ಗೆ ಹೊಡೆದರೆ ಆ ಕ್ಷಣವೇ ‘ಟಣ್’ ಅಂತ ಉತ್ತರ ಬರುತ್ತದೆ. ಆ ಸದ್ದಿನ ರುಚಿ ಒಮ್ಮೆ ಹತ್ತಿದವರು ಸೀದಾ ಹೋಗುವುದು ಗುಜರಿ ಅಂಗಡಿಗೆ, ಇಲ್ಲವೇ ಮಂಗಳೂರಿನ ಬೈಕಂಪಾಡಿಯ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್ಡಿಗೆ. ಅಲ್ಲಿ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ‘ಹನ್ನೆರಡು ಎಂಎಂ ಹಾಕುವ ಸಾರ್, ಆನೆ ಮೆಟ್ಟಿದರೂ ಏನೂ ಆಗ್ಲಿಕ್ಕಿಲ್ಲ.’

ಅವರು ಹೇಳುವುದು ಸುಳ್ಳಲ್ಲ. ಆದರೆ ಗೇಟಿನ ಲೆಕ್ಕ ಬೇರೆ, ಟಾರ್ಗೆಟ್‌ನ ಲೆಕ್ಕ ಬೇರೆ. ಪ್ಲೇಟ್ ಮುರಿಯುತ್ತದಾ ಇಲ್ಲವಾ ಎನ್ನುವುದು ಇಲ್ಲಿ ಎರಡನೆಯ ಪ್ರಶ್ನೆ. ಅದರ ಮುಖ ಸಪಾಟಾಗಿ ಉಳಿಯುತ್ತದಾ ಎನ್ನುವುದೇ ಮೊದಲ ಪ್ರಶ್ನೆ. ಮುಂದೆ ಹೇಳುವುದೆಲ್ಲ ಇದೇ ಪ್ರಶ್ನೆಯ ಸುತ್ತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗುರಿ ಸ್ಪರ್ಧೆಯಾಗಿದ್ದರೆ ಸ್ಟೀಲ್ ನಿಮ್ಮ ಮುಖ್ಯ ಅಭ್ಯಾಸ ಆಗಬಾರದು. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದನ್ನು ಕಲಿಸುವುದು ಕಾಗದ, ಇಲ್ಲವೇ ಎಲೆಕ್ಟ್ರಾನಿಕ್ ಟಾರ್ಗೆಟ್. ಸ್ಟೀಲ್ ಇರುವುದು ಟ್ರಿಗರ್ ಮೇಲೆ ಹಿಡಿತ ಬರಲಿಕ್ಕೆ, ದೂರದ ಅಂದಾಜು ಸಿಗಲಿಕ್ಕೆ, ಮತ್ತೆ ಸುಮ್ನೆ ಖುಷಿಗೆ. ಖುಷಿಯೂ ಬೇಕಲ್ವಾ?

ಯಾವ ಕೋವಿ, ಯಾವ ಜಾಗ

ಪ್ಲೇಟ್ ಹುಡುಕುವ ಮೊದಲು ನಿಮ್ಮ ಕೈಯಲ್ಲಿ ಇರುವುದು ಏನು ಅಂತ ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಮೂರು ಬಗೆ. ಒಂದು, 4.5 ಎಂಎಂ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 4.5 ಎಂಎಂ ಮೀರದೆ, ಶಕ್ತಿ 20 ಜೌಲ್ ಮೀರದೆ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಎರಡು, ರೈಫಲ್ ಕ್ಲಬ್‌ಗಳಲ್ಲಿ ಬಳಸುವ .22, ಅಂದರೆ ನಳಿಗೆ 0.22 ಇಂಚಿನದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಇದ್ದದ್ದು ಇದೇ ಗುಂಡು. ಮೂರು, .315 ಅಥವಾ .30-06 ತರಹದ ದೊಡ್ಡ ರೈಫಲ್. ಇದು ಕಡಿಮೆ ಜನರ ಬಳಿ ಉಂಟು.

ಈ ಮೂರರ ನಡುವಿನ ಅಂತರ ಎಷ್ಟು ಅಂತ ತಿಳಿದರೆ ಮುಂದಿನದು ಸುಲಭ. ಏರ್ ರೈಫಲ್‌ನ ಸಣ್ಣ ಗುಂಡು, ಅಂದರೆ ಪೆಲೆಟ್‌ನ ಶಕ್ತಿ 20 ಜೌಲ್ ಒಳಗೆ. .22 ಗುಂಡಿನದು ನೂರರ ಮೇಲೆ. .30-06 ಮೂರು ಸಾವಿರ ಜೌಲ್ ದಾಟುತ್ತದೆ. ಒಂದಕ್ಕೆ ಸರಿಹೋಗುವ ಪ್ಲೇಟ್ ಇನ್ನೊಂದಕ್ಕೆ ಅಪಾಯ.

ತೋಟದ ಹಂದಿ, ಮಂಗನ ಕಾಟಕ್ಕೆ ಅಂತ ಲೈಸೆನ್ಸ್ ಪಡೆದ ತೋಟಾ ಕೋವಿ, ಕೇಪಿನ ಕೋವಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟು ಇವೆ. ಚುನಾವಣೆ ಬಂತೆಂದರೆ ಠಾಣೆಗೆ ಹೊತ್ತುಕೊಂಡು ಹೋಗುವ ಕಷ್ಟ ಆ ಮನೆಯವರಿಗೇ ಗೊತ್ತು. ಅವನ್ನು ಸ್ಟೀಲ್ ಪ್ಲೇಟ್ ಕಡೆ ತಿರುಗಿಸಬೇಡಿ. ದೊಡ್ಡ ಚರೆ ಗಟ್ಟಿ ಪ್ಲೇಟ್‌ಗೆ ಬಡಿದು ಇಡಿಯಾಗಿಯೇ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಕೇಪಿನ ಕೋವಿಗೆ ಸೈಕಲ್ ಬೇರಿಂಗ್‌ನ ಗುಂಡು, ಕಬ್ಬಿಣದ ಚೂರು ತುಂಬುವವರೂ ಇದ್ದಾರೆ. ಕಬ್ಬಿಣ ಕಬ್ಬಿಣಕ್ಕೆ ಬಡಿದರೆ ಹೊಡೆದವನಿಗೇ ಅಪಾಯ. ಈ ವಿಷಯದಲ್ಲಿ ಕೊಡಗಿನವರು ಬುದ್ಧಿವಂತರು. ಕೈಲ್ ಮುಹೂರ್ತದ ಹೊತ್ತಿಗೆ ಅವರು ಗುರಿ ಇಡುವುದು ತೆಂಗಿನಕಾಯಿಗೆ. ಅದು ಒಡೆಯುತ್ತದೆ, ಗುಂಡನ್ನು ವಾಪಸ್ ಕಳಿಸುವುದಿಲ್ಲ.

ಇನ್ನು ಜಾಗ. ಕರಾವಳಿಯಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿಲ್ಲ. ತೋಟ, ಗದ್ದೆ, ಗುಡ್ಡದ ನಡುವೆ ಎಲ್ಲೆಂದರಲ್ಲಿ ಮನೆ. .22 ಗುಂಡು ಚಿಕ್ಕದು ಅಂತ ಕಂಡರೂ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗಬಲ್ಲದು. ಹಾಗಾಗಿ .22 ಮತ್ತು ಅದಕ್ಕಿಂತ ದೊಡ್ಡದನ್ನು ಅನುಮತಿ ಇರುವ ಶೂಟಿಂಗ್ ರೇಂಜ್‌ನಲ್ಲೇ ಹೊಡೆಯಿರಿ. ಅಲ್ಲಿನ ರೇಂಜ್ ಆಫೀಸರ್ ಸ್ಟೀಲ್ ಬೇಡ ಅಂದರೆ ವಾದ ಬೇಡ, ಅಲ್ಲಿ ಟಾರ್ಗೆಟ್‌ನ ಹಿಂದಿನ ಮಣ್ಣಿನ ದಿಣ್ಣೆ ಎಂಥದ್ದು ಅಂತ ಅವರಿಗೆ ಗೊತ್ತಿರುತ್ತದೆ. ಏರ್ ರೈಫಲ್ ಆದರೆ ಮನೆಯ ಹಿತ್ತಲಿನಲ್ಲಿ ಸಾಧ್ಯ, ಆದರೆ ಹಿಂದೆ ಗಟ್ಟಿ ತಡೆ ಇರಬೇಕು, ಆಚೆ ಮನೆಯವರ ಅಂಗಳ ಇರಬಾರದು.

ಬಿಟ್ಟುಹೋದ ಕೆಂಪುಕಲ್ಲಿನ ಕೋರೆ ಒಳ್ಳೆಯ ರೇಂಜ್ ಅಂತ ಹಲವರಿಗೆ ಆಸೆ. ಮೂರು ಕಡೆ ಗೋಡೆ, ಯಾರೂ ಬರುವುದಿಲ್ಲ, ಇನ್ನೇನು ಬೇಕು ಅಂತ. ಆದರೆ ಕಲ್ಲಿನ ಗೋಡೆ ಗುಂಡನ್ನು ನುಂಗುವುದಿಲ್ಲ, ತಿರುಗಿಸುತ್ತದೆ. ತಳದಲ್ಲಿ ನಿಂತ ನೀರಿಗೂ ಗುಂಡು ಜಿಗಿಯುತ್ತದೆ. ಟಾರ್ಗೆಟ್‌ನ ಹಿಂದೆ ಇರಬೇಕಾದದ್ದು ಕಲ್ಲಿಲ್ಲದ ಮೆದು ಮಣ್ಣಿನ ದಿಣ್ಣೆ.

ಗುಂಡು ತಾಗಿದಾಗ ಆಗುವುದೇನು

ಸೀಸದ ಗುಂಡು ಗಟ್ಟಿ, ಸಪಾಟು ಸ್ಟೀಲ್‌ಗೆ ಬಡಿದಾಗ ಚೂರು ಚೂರಾಗುತ್ತದೆ. ಆ ಚೂರುಗಳು ಹೆಚ್ಚಾಗಿ ಹಿಂದಕ್ಕೆ ಬರುವುದಿಲ್ಲ, ಪ್ಲೇಟ್‌ನ ಮುಖಕ್ಕೆ ಅಂಟಿಕೊಂಡಂತೆ ಸುತ್ತಲೂ ಬದಿಗೆ ಹಾರುತ್ತವೆ. ಹೆಚ್ಚಿನವು ಮುಖದಿಂದ 20 ಡಿಗ್ರಿ ಒಳಗೇ ಇರುತ್ತವೆ. ಅಂದರೆ ಚೂರುಗಳು ಯಾವ ದಿಕ್ಕಿಗೆ ಹೋಗುತ್ತವೆ ಅಂತ ನಾವು ಮೊದಲೇ ಹೇಳಬಹುದು. ಸ್ಟೀಲ್ ಟಾರ್ಗೆಟ್‌ನ ಎಲ್ಲ ಸುರಕ್ಷತೆ ನಿಂತಿರುವುದು ಈ ಒಂದು ಗುಣದ ಮೇಲೆ.

ಈಗ ಅದೇ ಮುಖದಲ್ಲಿ ಒಂದು ಸಣ್ಣ ಗುಂಡಿ ಬಿದ್ದಿದೆ ಅಂದುಕೊಳ್ಳಿ. ನಲ್ಲಿ ನೀರಿನ ಕೆಳಗೆ ಚಮಚದ ಒಳಬದಿ ಹಿಡಿದರೆ ಏನಾಗುತ್ತದೆ? ನೀರು ಸೀದಾ ನಮ್ಮ ಅಂಗಿಗೆ. ಗುಂಡಿ ಬಿದ್ದ ಪ್ಲೇಟ್ ಮಾಡುವುದೂ ಅದನ್ನೇ, ನೀರಿನ ಬದಲು ಸೀಸದ, ತಾಮ್ರದ ಚೂರು. ಪ್ಲೇಟ್ ಎಷ್ಟು ದಪ್ಪ ಇದ್ದರೂ ಮುಖ ಮೆದುವಾಗಿದ್ದರೆ ಗುಂಡಿ ಬೀಳುತ್ತದೆ. ‘ದಪ್ಪ ಹಾಕುವ’ ಎನ್ನುವ ಸಲಹೆ ಸೋಲುವುದು ಇಲ್ಲೇ.

ಯಾವ ಸ್ಟೀಲ್

ಸ್ಟೀಲ್‌ನ ಮೇಲ್ಮೈ ಗಟ್ಟಿತನವನ್ನು ಬ್ರಿನೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಗೇಟು, ಗ್ರಿಲ್, ಶೀಟಿನ ಮಾಡಿಗೆ ಬಳಸುವ ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್, ಅಂದರೆ ಐಎಸ್ 2062 ದರ್ಜೆಯದ್ದು, ಸುಮಾರು 120ರಿಂದ 140 ಬ್ರಿನೆಲ್. ಟಾರ್ಗೆಟ್‌ಗೆ ಬೇಕಾದದ್ದು 500ರ ಆಸುಪಾಸು. ವಿದೇಶದಲ್ಲಿ ಇದನ್ನು ಎಆರ್500 ಅಂತ ಕರೆಯುತ್ತಾರೆ. ನಮ್ಮಲ್ಲಿ ಟಾರ್ಗೆಟ್ ಅಂತ ಕೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ, ‘ವೇರ್ ಪ್ಲೇಟ್’ ಅಂತ ಕೇಳಬೇಕು. ಟಿಪ್ಪರ್ ಲಾರಿಯ ತೊಟ್ಟಿ, ಜೆಸಿಬಿ ಬಕೆಟ್, ಸಿಮೆಂಟ್ ಕಾರ್ಖಾನೆಯ ಚ್ಯೂಟ್ ಬೇಗ ಸವೆಯದಿರಲಿ ಅಂತ ಹಾಕುವ ಪ್ಲೇಟ್ ಇದು. ಸ್ವೀಡನ್ನಿನ ಹಾರ್ಡಾಕ್ಸ್ ಹೆಸರು ಈ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ಅದರಲ್ಲಿ 500 ನಂಬರಿನದು ನಮಗೆ ಬೇಕಾದದ್ದು. 400 ನಂಬರಿನದು .22ಕ್ಕೆ ನಡೆಯುತ್ತದೆ, ದೊಡ್ಡ ರೈಫಲ್‌ಗೆ ಸಾಲದು.

ಪೂರ್ತಿ ಪ್ಲೇಟ್ ಕೊಳ್ಳುವುದು ನಮ್ಮ ಕೆಲಸ ಅಲ್ಲ. ಟಿಪ್ಪರ್ ಬಾಡಿ ಕಟ್ಟುವವರ ಹತ್ತಿರ, ಬಕೆಟ್ ರಿಪೇರಿ ಮಾಡುವವರ ಹತ್ತಿರ ಕಟ್ ಪೀಸ್ ಕೇಳಿ. ಬೈಕಂಪಾಡಿ, ಯೆಯ್ಯಾಡಿ ಕಡೆ ವಿಚಾರಿಸಿ, ಸಿಗದಿದ್ದರೆ ಬೆಂಗಳೂರಿನ ಪೀಣ್ಯದಿಂದ ತರಿಸಬೇಕಾದೀತು. ಎಂ.ಎಸ್.ಗಿಂತ ಕಿಲೋ ಬೆಲೆ ಜಾಸ್ತಿ. ಆದರೆ ನಮಗೆ ಬೇಕಾದ ತೂಕವೇ ಕಡಿಮೆ: 20 ಸೆಂಟಿಮೀಟರ್ ಅಗಲದ, 10 ಎಂಎಂ ದಪ್ಪದ ಒಂದು ದುಂಡು ಪ್ಲೇಟ್ ಸುಮಾರು ಎರಡೂವರೆ ಕಿಲೋ. ಒಂದು ಸಲ ಸರಿಯಾದದ್ದು ತಂದರೆ ವರ್ಷಗಟ್ಟಲೆ ಬಾಳುತ್ತದೆ.

ಅಂಗಡಿಯವರ ಮಾತಿನ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಹೊಸ ಪ್ಲೇಟ್ ಆದರೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿ ಗಟ್ಟಿತನದ ಅಂಕಿ ಇರುತ್ತದೆ. ಪ್ಲೇಟ್ ಮೇಲೆ ಒತ್ತಿದ ನಂಬರೂ ಸರ್ಟಿಫಿಕೇಟ್‌ನ ನಂಬರೂ ಒಂದೇ ಇರಬೇಕು. ಕಟ್ ಪೀಸ್‌ಗೆ ಕಾಗದ ಸಿಗುವುದಿಲ್ಲ. ಆಗ ಒಂದು ಹೊಸ ಅರ ತೆಗೆದುಕೊಂಡು ಹೋಗಿ. ಪಕ್ಕದಲ್ಲಿ ಎಂ.ಎಸ್. ತುಂಡು ಇಟ್ಟುಕೊಂಡು ಎರಡರ ಅಂಚನ್ನೂ ಉಜ್ಜಿ ನೋಡಿ. ಎಂ.ಎಸ್.ನಲ್ಲಿ ಅರ ಕಚ್ಚಿ ಪುಡಿ ಉದುರಿಸುತ್ತದೆ, ಗಟ್ಟಿ ಪ್ಲೇಟ್‌ನಲ್ಲಿ ಜಾರುತ್ತದೆ, ಬಲ ಹಾಕಿದರೂ ಸ್ವಲ್ಪವೇ ಏಳುತ್ತದೆ. ಸೆಂಟರ್ ಪಂಚ್ ಇಟ್ಟು ಎರಡಕ್ಕೂ ಒಂದೇ ಬಲದಲ್ಲಿ ಸುತ್ತಿಗೆಯಿಂದ ಹೊಡೆದರೆ ಗುರುತಿನ ಆಳದಲ್ಲೇ ವ್ಯತ್ಯಾಸ ಕಾಣುತ್ತದೆ. ಇದು ಅಂದಾಜು ಪರೀಕ್ಷೆ ಮಾತ್ರ. ದೊಡ್ಡ ರೈಫಲ್‌ಗೆ ಬಳಸುವುದಾದರೆ ಗಟ್ಟಿತನ ಅಳೆಯುವ ಯಂತ್ರ ಇರುವ ಕಡೆ ತೋರಿಸಿಯೇ ತನ್ನಿ.

ಇನ್ನು, ಬೇಡದವುಗಳ ಪಟ್ಟಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ.

ಸ್ಟೇನ್‌ಲೆಸ್ ಸ್ಟೀಲ್ ಬೇಡ. ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ ಅಂತ ನಮ್ಮವರಿಗೆ ಅದರ ಮೇಲೆ ವಿಶೇಷ ಪ್ರೀತಿ. ಆದರೆ ಪಾತ್ರೆಗೆ, ರೇಲಿಂಗ್‌ಗೆ ಬಳಸುವ ಸ್ಟೇನ್‌ಲೆಸ್ 200 ಬ್ರಿನೆಲ್ ಕೂಡ ಇರುವುದಿಲ್ಲ. ಹೊಳೆಯುತ್ತದೆ, ಗುಂಡಿಯೂ ಬೀಳುತ್ತದೆ.

ಮಲ್ಪೆ ಕಡೆ ಬೋಟು ಕಟ್ಟುವಲ್ಲಿ ಉಳಿಯುವ ಪ್ಲೇಟ್ ದಪ್ಪ ಇರುತ್ತದೆ, ಸಮುದ್ರವನ್ನೇ ತಡೆದುಕೊಂಡದ್ದು ಅನ್ನಿಸುತ್ತದೆ. ಅದೂ ಮೆದು ಸ್ಟೀಲೇ. ಬಾಗಬೇಕು, ವೆಲ್ಡ್ ಆಗಬೇಕು ಅಂತಲೇ ಮಾಡಿದ್ದು.

ಜಲ್ಲಿ ಕ್ರಷರ್‌ನ ಜಾ ಪ್ಲೇಟ್ ಬಗ್ಗೆ ಕಾರ್ಕಳ ಕಡೆಯ ಸ್ನೇಹಿತರು ವಾದಕ್ಕೇ ನಿಲ್ಲುತ್ತಾರೆ. ‘ಕರಿಕಲ್ಲನ್ನೇ ಅರೆಯುತ್ತದೆ ಮಾರಾಯ್ರೆ, ಗುಂಡು ಎಂಥ ಲೆಕ್ಕ?’ ವಾದ ಚಂದ ಉಂಟು. ಆದರೆ ಅದು ಮ್ಯಾಂಗನೀಸ್ ಸ್ಟೀಲ್. ಶುರುವಿನಲ್ಲಿ ಸುಮಾರು 200 ಬ್ರಿನೆಲ್ ಮಾತ್ರ. ಪೆಟ್ಟು ಬಿದ್ದ ಹಾಗೆ ಮೇಲ್ಮೈ ಗಟ್ಟಿಯಾಗುತ್ತಾ ಹೋಗುವ ಗುಣ ಅದರದ್ದು. ಕಲ್ಲು ಅರೆಯಲು ಅದು ಒಳ್ಳೆಯದೇ. ಆದರೆ ಗಟ್ಟಿಯಾಗುವ ಹೊತ್ತಿಗೆ ಮುಖದ ತುಂಬ ಗುಂಡಿ ಬಿದ್ದಿರುತ್ತದೆ. ಜೊತೆಗೆ ಅದರ ಮೇಲೆ ಹಲ್ಲು ಹಲ್ಲು ಗೆರೆ ಬೇರೆ.

ಬೀಡು ಕಬ್ಬಿಣ ಅಂತೂ ಮುಟ್ಟಲೇ ಬೇಡಿ. ಹಳೆಯ ಕಾವಲಿ, ಮ್ಯಾನ್‌ಹೋಲ್ ಮುಚ್ಚಳ, ತೂಕದ ಬಟ್ಟು, ಇವೆಲ್ಲ ಬಾಗುವುದಿಲ್ಲ, ಒಡೆದು ಹೋಳಾಗುತ್ತವೆ. ಗ್ಯಾಸ್ ಸಿಲಿಂಡರ್, ಲಾರಿ ಸ್ಪ್ರಿಂಗ್ ಪಟ್ಟಿ, ರೈಲು ಹಳಿಯ ತುಂಡು, ಪೈಪು, ಹೀಗೆ ಬಾಗು ಇರುವ ಯಾವುದೂ ಬೇಡ. ಬಾಗಿನಿಂದ ಚೂರು ಎತ್ತ ಹಾರುತ್ತದೆ ಅಂತ ಯಾರೂ ಹೇಳಲಾರರು.

ದಪ್ಪ ಎಷ್ಟು, ಆಕಾರ ಯಾವುದು

ಏರ್ ರೈಫಲ್‌ಗೆ ವೇರ್ ಪ್ಲೇಟ್ ಹುಡುಕುವ ಕಷ್ಟವೇ ಬೇಡ. ಸೀಸದ ಪೆಲೆಟ್ ಆದರೆ 3 ಎಂಎಂ ಎಂ.ಎಸ್. ಸಾಕು. ಆದರೆ ಸ್ಟೀಲ್ ಬಿಬಿ (ಸಣ್ಣ ದುಂಡು ಗುಂಡು), ತುದಿಗೆ ಸ್ಟೀಲ್ ಕೂರಿಸಿದ ಪೆಲೆಟ್ ಬಳಸಬೇಡಿ, ಅವು ಒಡೆಯದೆ ಸೀದಾ ವಾಪಸ್ ಜಿಗಿಯುತ್ತವೆ. .22ಕ್ಕೆ 500 ದರ್ಜೆಯ 6 ಎಂಎಂ. ದೊಡ್ಡ ರೈಫಲ್‌ಗೆ ಅದೇ ದರ್ಜೆಯ 10 ಎಂಎಂ, ದಿನಾ ಬಳಸುವ ರೇಂಜ್ ಆದರೆ 12 ಎಂಎಂ.

ಆಕಾರದಲ್ಲಿ ನನ್ನ ಓಟು ದುಂಡಗಿನದಕ್ಕೆ. ಗುಂಡು ಅಂಚಿಗೆ ಬಡಿದರೆ ಸೀಳಿ ಎತ್ತೆತ್ತಲೋ ಹೋಗುತ್ತದೆ. ಮೂಲೆ, ಕೊರೆ ಜಾಸ್ತಿಯಾದಷ್ಟೂ ಅಂಚು ಜಾಸ್ತಿ. ಕೋಳಿ, ಹಂದಿ, ಟರ್ಕಿ ಕೋಳಿ, ಟಗರು ಆಕಾರದ ಪ್ಲೇಟ್ ಬೀಳಿಸುವ ಸಿಲುಯೆಟ್ ಎಂಬ ಸ್ಪರ್ಧೆ ಉಂಟು, ಮೆಕ್ಸಿಕೋದಲ್ಲಿ ಹುಟ್ಟಿದ್ದು. .22ರಲ್ಲಿ ಅದನ್ನು 40, 60, 77, 100 ಮೀಟರ್‌ನಲ್ಲಿ ಆಡುತ್ತಾರೆ. ನೋಡಲು ಮಜಾ, ಆದರೆ ಹೊಸಬರಿಗೆ ಅಲ್ಲ. ಗಿರಗಿರ ತಿರುಗುವ ಟಾರ್ಗೆಟ್ ಕೂಡ ಹಾಗೆಯೇ: ಗುಂಡು ತಾಗುವ ಹೊತ್ತಿಗೆ ಅದರ ಮುಖ ಯಾವ ಕಡೆ ಇರುತ್ತದೋ ದೇವರೇ ಬಲ್ಲ.

ಅಳತೆಯಲ್ಲಿ ಜಿಪುಣತನ ಬೇಡ. 50 ಮೀಟರ್‌ನಲ್ಲಿ .22 ಕಲಿಯುವವರಿಗೆ 20 ಸೆಂಟಿಮೀಟರ್ ಅಗಲ ಇರಲಿ. ಕೈ ಕೂತ ಮೇಲೆ 15, ಆಮೇಲೆ 10. ಚಿಕ್ಕ ಪ್ಲೇಟ್‌ನಿಂದ ಶುರು ಮಾಡಿದರೆ ಗುಂಡು ಅಂಚಿಗೆ, ಬೋಲ್ಟ್‌ಗೆ, ಸ್ಟ್ಯಾಂಡಿಗೆ ಬೀಳುವುದೇ ಜಾಸ್ತಿ.

ಕತ್ತರಿಸುವಾಗ ಬೆಂಕಿ ದೂರ ಇಡಿ

ವೇರ್ ಪ್ಲೇಟ್‌ಗೆ ಗಟ್ಟಿತನ ಬರುವುದು ಕಾಯಿಸಿ ತಟ್ಟನೆ ತಣಿಸುವುದರಿಂದ. ಮತ್ತೆ ಕಾಯಿಸಿದರೆ ಆ ಗಟ್ಟಿತನ ಹೋಗುತ್ತದೆ. ಹಾರ್ಡಾಕ್ಸ್ ತಯಾರಕರೇ 250 ಡಿಗ್ರಿ ಸೆಲ್ಸಿಯಸ್ ಮೀರಬೇಡಿ ಅಂತ ಹೇಳುತ್ತಾರೆ. ನಮ್ಮ ಶೆಡ್ಡುಗಳಲ್ಲಿ ಮೊದಲು ಕೈಗೆ ಬರುವುದೇ ಗ್ಯಾಸ್ ಕಟರ್. ಅದರಿಂದ ಕತ್ತರಿಸಿದರೆ ಅಂಚಿನ ಸುತ್ತ ಅಗಲವಾದ ಪಟ್ಟಿಯಷ್ಟು ಜಾಗ ಮೆದುವಾಗುತ್ತದೆ. ಪುಟ್ಟ ಪ್ಲೇಟ್ ಆದರೆ ಅರ್ಧಕ್ಕರ್ಧ ಹೋಯಿತು ಅಂತಲೇ ಲೆಕ್ಕ. ಪ್ಲಾಸ್ಮಾ ಪರವಾಗಿಲ್ಲ, ಲೇಸರ್ ಇನ್ನೂ ಒಳ್ಳೆಯದು, ವಾಟರ್‌ಜೆಟ್ ಸಿಕ್ಕರೆ ಅದೃಷ್ಟ. ‘ಗ್ಯಾಸಲ್ಲಿ ಐದು ನಿಮಿಷದ ಕೆಲಸ ಸಾರ್’ ಅಂದರೆ ‘ಬೇಡ ಅಣ್ಣ, ಸಿಎನ್‌ಸಿಯಲ್ಲೇ ಮಾಡಿಸಿ’ ಅನ್ನಿ.

ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಯಂತ್ರ. ತೂತನ್ನೂ ಅದರಲ್ಲೇ ಹಾಕಿಸಿಬಿಡಿ. ಆಮೇಲೆ ಡ್ರಿಲ್ ಮಾಡಲು ಹೋದರೆ ಸಾಮಾನ್ಯ ಬಿಟ್ ಕರಕಲಾಗುತ್ತದೆ, ಪ್ಲೇಟ್ ಮಾತ್ರ ಹಾಗೇ ಇರುತ್ತದೆ. ಚೌಕದ ತೂತು ಹಾಕಿಸಿದರೆ ಕ್ಯಾರೇಜ್ ಬೋಲ್ಟ್ ಕೂರುತ್ತದೆ. ಅದರ ತಲೆ ನುಣ್ಣಗೆ ಗುಮ್ಮಟದ ಹಾಗಿರುವುದರಿಂದ ಗುಂಡು ತಾಗಿದರೂ ಆರು ಮೂಲೆಯ ನಟ್‌ನಷ್ಟು ಅಪಾಯ ಅಲ್ಲ. ಪ್ಲೇಟ್‌ನ ಮುಖಕ್ಕೆ, ಬೆನ್ನಿಗೆ ಏನನ್ನೂ ವೆಲ್ಡ್ ಮಾಡಿಸಬೇಡಿ. ವೆಲ್ಡ್ ಮಾಡಿದ ಜಾಗ ಮೆದುವಾಗುತ್ತದೆ, ಬಿರುಕೂ ಬಿಡುತ್ತದೆ.

ನೇತು ಹಾಕುವ ಕ್ರಮ

ನೆಲಕ್ಕೆ ಬಿಗಿದು ನಿಲ್ಲಿಸಿದ ಪ್ಲೇಟ್‌ಗಿಂತ ನೇತಾಡುವ ಪ್ಲೇಟ್ ಒಳ್ಳೆಯದು. ಪೆಟ್ಟು ಬಿದ್ದಾಗ ಹಿಂದೆ ಸರಿದು ಸ್ವಲ್ಪ ಬಲ ತೆಗೆದುಕೊಳ್ಳುತ್ತದೆ, ಸದ್ದೂ ಚೆನ್ನಾಗಿ ಬರುತ್ತದೆ. ಆದರೆ ನೇತು ಹಾಕುವುದರಲ್ಲಿ ಒಂದು ಗುಟ್ಟು ಉಂಟು: ಮುಖ ನೆಲದ ಕಡೆ ಸ್ವಲ್ಪ ಬಾಗಿರಬೇಕು. ಹತ್ತು ಡಿಗ್ರಿ ಆಸುಪಾಸು ಆದರೂ ಇರಲಿ. ಆಗ ಗುಂಡಿನ ಚೂರುಗಳಲ್ಲಿ ಹೆಚ್ಚಿನವು ನೆಲಕ್ಕೆ ಹೋಗುತ್ತವೆ.

ಇದಕ್ಕೆ ಬೇರೆ ಏನೂ ಸಾಮಾನು ಬೇಡ. ಬೋಲ್ಟ್ ಉದ್ದದ್ದು ಹಾಕಿ, ಸರಪಳಿಯನ್ನು ಪ್ಲೇಟ್‌ನ ಹಿಂಬದಿಗೆ ಸಿಕ್ಕಿಸಿ. ಪ್ಲೇಟ್‌ಗೂ ಸರಪಳಿಗೂ ನಡುವೆ ಒಂದೆರಡು ಇಂಚು ಅಂತರ ಬರಲಿ, ಪೈಪಿನ ತುಂಡೊಂದನ್ನು ನಡುವೆ ಕೂರಿಸಿದರೆ ಆಯಿತು. ತೂಕ ಸರಪಳಿಯ ಕೆಳಗೆ ಬರಲು ನೋಡುತ್ತದೆ, ಪ್ಲೇಟ್‌ನ ಕೆಳಭಾಗ ಹಿಂದಕ್ಕೆ ಸರಿಯುತ್ತದೆ, ತಲೆ ಮುಂದಕ್ಕೆ ವಾಲುತ್ತದೆ. ಸರಪಳಿಯನ್ನು ಮುಂದಿನಿಂದ ಕಟ್ಟಿದರೆ ಇದರ ತದ್ವಿರುದ್ಧ: ಮುಖ ಆಕಾಶ ನೋಡುತ್ತದೆ, ಚೂರುಗಳೂ ಮೇಲಕ್ಕೆ. ಒಂದೇ ಸರಪಳಿ ಬೇಡ, ಎರಡು ಇರಲಿ. ಒಂದರಲ್ಲಿ ನೇತಾಡುವ ಪ್ಲೇಟ್ ತಿರುಗಿ ಅಂಚು ತೋರಿಸುತ್ತದೆ.

ಸರಪಳಿಯ ಬದಲು ಹಳೆಯ ಕನ್ವೇಯರ್ ಬೆಲ್ಟ್‌ನ ಪಟ್ಟಿ, ಅಗ್ನಿಶಾಮಕ ಹೋಸ್‌ನ ತುಂಡು ಕೂಡ ಬಳಸಬಹುದು. ತಪ್ಪಿ ಗುಂಡು ತಾಗಿದರೆ ಅದು ತೂತಾಗುತ್ತದೆ, ಸರಪಳಿಯ ಕೊಂಡಿಯಂತೆ ಸಿಡಿಯುವುದಿಲ್ಲ. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಲಾಭ: ಸರಪಳಿಗೆ ಹಿಡಿಯುವ ತುಕ್ಕು ಇದಕ್ಕೆ ಇಲ್ಲ.

ಸ್ಟ್ಯಾಂಡ್ ಮರದ್ದೇ ಇರಲಿ. ಕಬ್ಬಿಣದ ಆಂಗಲ್ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಅದರ ಮೂಲೆಗೆ ಬಿದ್ದ ಗುಂಡು ಎಲ್ಲಿ ಹೋಗುತ್ತದೆ ಅಂತ ಹೇಳಲಾಗದು. ಅಡಿಕೆ ಮರದ ಸಲಾಕೆ ನಮ್ಮಲ್ಲಿ ಯಾರ ತೋಟದಲ್ಲೂ ಸಿಗುತ್ತದೆ. ಒಡೆದರೆ ಬದಲಾಯಿಸಿ. ರೇಂಜ್‌ನಲ್ಲಿ ಪಕ್ಕದ ಲೇನ್‌ನಲ್ಲಿ ಜನ ಇದ್ದರೆ ಪ್ಲೇಟ್‌ನ ಎರಡೂ ಬದಿಗೆ ದಪ್ಪ ಹಲಗೆ ನಿಲ್ಲಿಸಿ. ಬದಿಗೆ ಹಾರುವ ಚೂರು ಅದರಲ್ಲಿ ಹೂತುಕೊಳ್ಳುತ್ತದೆ.

ದೂರ ಮತ್ತು ಗುಂಡು

ಏರ್ ರೈಫಲ್‌ಗೆ ಕನಿಷ್ಠ 10 ಮೀಟರ್. .22ಕ್ಕೆ ನನ್ನ ಮಟ್ಟಿಗೆ 25 ಮೀಟರ್‌ಗಿಂತ ಹತ್ತಿರ ಬೇಡ. ದೊಡ್ಡ ರೈಫಲ್‌ಗೆ ಟಾರ್ಗೆಟ್ ತಯಾರಕರು ಸಾಮಾನ್ಯವಾಗಿ ಹೇಳುವುದು 100 ಗಜ, ಅಂದರೆ ಸುಮಾರು 90 ಮೀಟರ್. ಅದಕ್ಕಿಂತ ಹತ್ತಿರ ಬಂದರೆ ಒಳ್ಳೆಯ ಪ್ಲೇಟ್‌ಗೂ ಗುಂಡಿ ಬೀಳಬಹುದು. ತಾಗುವಾಗ ವೇಗ ಸೆಕೆಂಡಿಗೆ 900 ಮೀಟರ್ ಹತ್ತಿರ ಇದ್ದರೆ 500 ದರ್ಜೆಯೂ ಸೋಲುತ್ತದೆ. ಪ್ಲೇಟ್ ಹಾಳು ಮಾಡುವುದರಲ್ಲಿ ಗುಂಡಿನ ಭಾರಕ್ಕಿಂತ ವೇಗದ ಪಾಲೇ ದೊಡ್ಡದು.

ಗುಂಡು ಸೀಸದ್ದು, ಇಲ್ಲವೇ ತಾಮ್ರದ ಹೊದಿಕೆಯ ಸೀಸದ್ದು ಇರಬೇಕು. ಸಂಶಯ ಇದ್ದರೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗುಂಡಿನ ತುದಿ ಅಂಟಿದರೆ ಒಳಗೋ ಹೊರಗೋ ಸ್ಟೀಲ್ ಇದೆ ಅಂತ ಅರ್ಥ. ಅದು ಸ್ಟೀಲ್ ಟಾರ್ಗೆಟ್‌ಗೆ ಬೇಡ.

ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ, ಬದಿಯೂ ಮುಚ್ಚುವಂಥದ್ದು. ದಿನಾ ಹಾಕುವ ನಂಬರಿನ ಕನ್ನಡಕ ಸಾಲದು. ಹೊಡೆಯುವವರಿಗೆ ಮಾತ್ರ ಅಲ್ಲ, ಹಿಂದೆ ನಿಂತು ‘ತಾಗಿತು, ತಾಗಿತು’ ಅನ್ನುವವರಿಗೂ ಬೇಕು.

ಮೊದಲ ದಿನ ರಟ್ಟಿನ ಪರೀಕ್ಷೆ

ಹೊಸ ಪ್ಲೇಟ್ ಕಟ್ಟಿದ ಮೇಲೆ ಸೀದಾ ಅಭ್ಯಾಸಕ್ಕೆ ಇಳಿಯಬೇಡಿ. ದೊಡ್ಡ ರಟ್ಟಿನ ಹಾಳೆಗಳನ್ನು ತನ್ನಿ, ಟಿವಿ ಅಥವಾ ಫ್ರಿಜ್‌ನ ಡಬ್ಬ ಆದರೆ ಒಳ್ಳೆಯದು. ಪ್ಲೇಟ್‌ನ ಎರಡೂ ಬದಿಗೆ, ಕೆಳಗೆ ನೆಲದ ಮೇಲೆ, ಮತ್ತೆ ಗುಂಡಿನ ದಾರಿ ಬಿಟ್ಟು ಮುಂದೆ ಒಂದೆರಡು ಮೀಟರ್ ದೂರದಲ್ಲಿ ನಿಲ್ಲಿಸಿ. ಸಾಧ್ಯವಾದಷ್ಟು ದೂರದಿಂದ ಕೆಲವು ಗುಂಡು ಹೊಡೆಯಿರಿ. ಆಮೇಲೆ ರಟ್ಟು ನೋಡಿ. ಬದಿಯ ಮತ್ತು ಕೆಳಗಿನ ರಟ್ಟಿನಲ್ಲಿ ತೂತು ಇದ್ದರೆ ಎಲ್ಲ ಸರಿ. ಮುಂದಿನ ರಟ್ಟಿನಲ್ಲಿ ತೂತು ಕಂಡರೆ ನಿಲ್ಲಿಸಿ. ಬಾಗು ಸರಿ ಇದೆಯಾ, ಮುಖದಲ್ಲಿ ಗುಂಡಿ ಬಿತ್ತಾ, ಬೋಲ್ಟ್‌ಗೆ ತಾಗಿತಾ ಅಂತ ಹುಡುಕಿ. ಕಾರಣ ಸಿಗುವ ತನಕ ಆ ಪ್ಲೇಟ್ ಮುಟ್ಟಬೇಡಿ.

ಮಳೆ, ಉಪ್ಪು, ಸೀಸ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಮೇಲಿಂದ ಉಪ್ಪುಗಾಳಿ. ಸುರತ್ಕಲ್‌ನಲ್ಲೋ ಮಲ್ಪೆಯಲ್ಲೋ ಕಬ್ಬಿಣ ಹೊರಗಿಟ್ಟವರಿಗೆ ಹೇಳಬೇಕಾಗಿಲ್ಲ. ಸಮಾಧಾನದ ಸಂಗತಿ ಅಂದರೆ ಪ್ಲೇಟ್‌ನ ಮುಖಕ್ಕೆ ಹಿಡಿಯುವ ತೆಳು ತುಕ್ಕಿನಿಂದ ಏನೂ ತೊಂದರೆ ಇಲ್ಲ. ಬಣ್ಣ ಹಚ್ಚುವುದು ಗುಂಡು ತಾಗಿದ ಗುರುತು ಕಾಣಲಿಕ್ಕೆ. ಸ್ಪ್ರೇ ಪೇಂಟ್ ಇಲ್ಲದಿದ್ದರೆ ಸುಣ್ಣ ಬಳಿದರೂ ನಡೆಯುತ್ತದೆ. ಅಪಾಯ ಇರುವುದು ಬೋಲ್ಟ್, ನಟ್, ಸರಪಳಿಯ ತುಕ್ಕಿನಲ್ಲಿ. ಅವು ಒಳಗಿಂದ ತಿಂದು ಹೋಗಿರುತ್ತವೆ, ಹೊರಗೆ ಗೊತ್ತಾಗುವುದಿಲ್ಲ. ಗ್ರೀಸ್ ಹಚ್ಚಿ, ಮಳೆಗಾಲಕ್ಕೆ ಮೊದಲು ಎಲ್ಲ ಕಳಚಿ ಒಳಗಿಡಿ, ಅಕ್ಟೋಬರ್‌ನಲ್ಲಿ ಹೊಸ ಬೋಲ್ಟ್ ಹಾಕಿಯೇ ಕಟ್ಟಿ. ಬೋಲ್ಟ್‌ಗೆ ಎಷ್ಟು ಮಹಾ ದುಡ್ಡು?

ಸೀಸದ ಬಗ್ಗೆ ನಮ್ಮಲ್ಲಿ ಯಾರೂ ಮಾತೇ ಆಡುವುದಿಲ್ಲ. ಪ್ಲೇಟ್‌ಗೆ ಬಡಿದ ಗುಂಡು ಚೂರಾಗುತ್ತದೆ, ಸ್ವಲ್ಪ ಪುಡಿಯೇ ಆಗುತ್ತದೆ. ಅದು ಕೆಳಗಿನ ಮಣ್ಣಿಗೆ. ನಮ್ಮ ಕೆಂಪು ಮಣ್ಣು ಹುಳಿ ಗುಣದ್ದು, ಹುಳಿ ಮಣ್ಣಿನಲ್ಲಿ ಸೀಸ ಕರಗಿ ನೀರಿನ ಜೊತೆ ಸರಿಯುವುದು ಜಾಸ್ತಿ. ಹಿತ್ತಲಿನಲ್ಲಿ ಏರ್ ರೈಫಲ್ ಅಭ್ಯಾಸ ಮಾಡುವವರ ಬಾವಿ ಎಷ್ಟು ದೂರ ಇದೆ ಅಂತ ನೋಡಿಕೊಳ್ಳಬೇಕಾದದ್ದು ಇದಕ್ಕೇ. ಪ್ಲೇಟ್‌ನ ಕೆಳಗೆ ಹಲಗೆಯ ಪೆಟ್ಟಿಗೆ ಇಟ್ಟು ಮರಳು ತುಂಬಿ. ಚೂರುಗಳು ಅದರಲ್ಲೇ ಉಳಿಯುತ್ತವೆ. ಸುತ್ತಲಿನ ಮಣ್ಣಿಗೆ ಆಗಾಗ ಸುಣ್ಣದ ಪುಡಿ ಹಾಕಿದರೆ ಹುಳಿ ತಗ್ಗುತ್ತದೆ, ಸೀಸ ಸರಿಯುವುದು ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮೊದಲು ಮರಳು ಜರಡಿ ಹಿಡಿದು ಸೀಸ ತೆಗೆಯಿರಿ. ಒಣ ಮರಳು ಜರಡಿ ಹಿಡಿಯುವಾಗ ಧೂಳು ಏಳುತ್ತದೆ, ಸ್ವಲ್ಪ ಒದ್ದೆ ಮಾಡಿಕೊಳ್ಳಿ, ಮಾಸ್ಕ್ ಹಾಕಿ. ಅಭ್ಯಾಸ ಮುಗಿಸಿ ಕೈ ತೊಳೆಯದೆ ಚಾ ಕುಡಿಯಬೇಡಿ. ಅದೇ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಯಾವಾಗ ಕಳಚಬೇಕು

ಪ್ರತಿ ಸಲ ಶುರು ಮಾಡುವ ಮೊದಲು ಪ್ಲೇಟ್‌ನ ಮುಖದ ಮೇಲೆ ಬೆರಳು ಆಡಿಸಿ, ಗ್ಲೌಸ್ ಹಾಕಿಕೊಂಡು. ಬಣ್ಣ ಹೋದ ಗುರುತು, ಸೀಸ ಬಳಿದ ಕಲೆ ಲೆಕ್ಕಕ್ಕಿಲ್ಲ. ಬೆರಳಿಗೆ ಗುಂಡಿ ಸಿಕ್ಕಿದರೆ, ಅಂಚಿನಲ್ಲಿ ತುಟಿ ಎದ್ದಿದ್ದರೆ, ಬಿರುಕು ಕಂಡರೆ ಅದು ಮುಗಿಯಿತು. ನೇತು ಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಮೊದಲಿನ ಟಣ್ ಹೋಗಿ ಸತ್ತ ಸದ್ದು ಬಂದರೂ ಬಿರುಕಿನ ಸಂಶಯ ಪಡಿ. ಪ್ಲೇಟ್ ಸ್ವಲ್ಪ ಬಾಗಿದ್ದರೆ, ಹಿಂಬದಿ ನುಣ್ಣಗಿದ್ದರೆ, ತಿರುಗಿಸಿ ಕಟ್ಟಬಹುದು. ಜಾಸ್ತಿ ಬಾಗಿದ್ದರೆ ಬೇಡ. ಗುಂಡಿಗೆ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡಿ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬಿಸಿ ತಾಗಿದ ಆ ಜಾಗ ಮೊದಲಿಗಿಂತ ಮೆದು.

ಕಳಚಿದ ಪ್ಲೇಟ್ ಗುಜರಿಗೆ ಹಾಕುವ ಮೊದಲು ಒಂದು ಕೆಲಸ ಬಾಕಿ. ಗ್ಯಾಸ್ ಕಟರ್‌ನಿಂದ ನಡುವೆ ಸೀಳಿಸಿ ಎರಡು ತುಂಡು ಮಾಡಿಸಿ, ಈಗ ಅದರ ಬಿಸಿಯಿಂದ ಹೋಗುವುದು ಏನೂ ಇಲ್ಲ. ಇಡೀ ಪ್ಲೇಟ್ ಹಾಗೇ ಹೋದರೆ ‘ಹಾರ್ಡಾಕ್ಸ್ ಪೀಸ್ ಉಂಟು’ ಅಂತ ಅದನ್ನು ಇನ್ನೊಬ್ಬರು ಟಾರ್ಗೆಟ್‌ಗೇ ಕೊಂಡುಹೋಗುತ್ತಾರೆ.